ಆಫೀಸ್ ಮೆಟ್ಟಿಲಲ್ಲಿ ಸಿಗರೇಟ್: ದಂಡ ಯಾರ ತಲೆಗೆ?

ಕಳೆದ ಎಪಿಸೋಡ್ ಆದ್ಮೇಲೆ ಕೇಳುಗರೊಬ್ಬರು ವಾಯ್ಸ್ ನೋಟ್ ಕಳಿಸಿದ್ರು. ಅವರದು ಬೆಂಗಳೂರಲ್ಲಿ 40 ಜನರ ಆಫೀಸು. "ಸೇದೋರಿಗೆ ಅಂತ ಒಂದು ರೂಮ್ ಮಾಡಿಕೊಟ್ರೆ ಆಯ್ತಲ್ಲ?" ಅಂತ ಪ್ರಶ್ನೆ.

ಆಗಲ್ಲ. 2003ರ ಕೋಟ್ಪಾ ಕಾಯ್ದೆ ಇದೆ. ಅದರಡಿ 2008ರ ಅಕ್ಟೋಬರ್ 2ರಿಂದ ಜಾರಿಗೆ ಬಂದ ನಿಯಮಗಳಲ್ಲಿ ಕೆಲಸದ ಜಾಗವೂ ಸಾರ್ವಜನಿಕ ಸ್ಥಳವೇ. "ನಮ್ಮದು ಪ್ರೈವೇಟ್ ಕಂಪನಿ" ಅನ್ನೋ ವಾದ ನಡೆಯಲ್ಲ. ಸ್ಮೋಕಿಂಗ್ ಏರಿಯಾಗೆ ಅವಕಾಶ ಇರೋದು 30 ಅಥವಾ ಹೆಚ್ಚು ರೂಮಿನ ಹೋಟೆಲು, 30 ಅಥವಾ ಹೆಚ್ಚು ಸೀಟಿನ ರೆಸ್ಟೋರೆಂಟು ಮತ್ತು ವಿಮಾನ ನಿಲ್ದಾಣಕ್ಕೆ ಮಾತ್ರ. ಆಫೀಸು ಆ ಪಟ್ಟಿಯಲ್ಲೇ ಇಲ್ಲ. ಎಂಥಾ ಎಕ್ಸಾಸ್ಟ್ ಫ್ಯಾನ್ ಹಾಕಿಸಿದ್ರೂ ಅಷ್ಟೇ.

ಮಾಲೀಕರು ಮಾಡಬೇಕಾದ್ದು ಬೋರ್ಡ್ ಹಾಕೋದು. ಕನಿಷ್ಠ 60 ಸೆಂ.ಮೀ. ಉದ್ದ, 30 ಸೆಂ.ಮೀ. ಅಗಲ. ಪ್ರಿಂಟ್ ತೆಗೆದು ಅಂಟಿಸಿದ ಎ4 ಹಾಳೆ ಅದರ ಅರ್ಧವೂ ಬರಲ್ಲ. ಬಾಗಿಲಲ್ಲಿ, ಪ್ರತಿ ಮಹಡಿಯಲ್ಲಿ, ಮೆಟ್ಟಿಲು, ಲಿಫ್ಟ್ ಹತ್ರನೂ ಬೇಕು. ಆ್ಯಶ್‌ಟ್ರೇ, ಲೈಟರ್, ಬೆಂಕಿಪೊಟ್ಟಣ ಇಡೋ ಹಾಗಿಲ್ಲ. (ಬೋರ್ಡ್ ಕೆಳಗೇ ಆ್ಯಶ್‌ಟ್ರೇ ಇಟ್ಟಿರೋ ಮಹಾನುಭಾವರೂ ಇದ್ದಾರೆ.)

ಬಹಳ ಜನ ಮರೆಯೋದು ಇನ್ನೊಂದು. ದೂರು ಯಾರಿಗೆ ಕೊಡಬೇಕು ಅಂತ ಒಬ್ಬರ ಹೆಸರನ್ನ ಎಲ್ಲರಿಗೂ ಕಾಣೋ ಹಾಗೆ ಹಾಕಬೇಕು. ದೂರು ಬಂದ ಮೇಲೂ ಸುಮ್ನಿದ್ರೆ, ಎಷ್ಟು ಜನ ಸೇದಿದ್ರೋ ಅಷ್ಟು ದಂಡ ಮಾಲೀಕರ ಅಥವಾ ಮ್ಯಾನೇಜರ್ ತಲೆಗೆ. ಮೊದಲು ದಂಡ 200 ರೂಪಾಯಿವರೆಗೆ ಇತ್ತು, 2025ರ ಮೇನಲ್ಲಿ ಕರ್ನಾಟಕದ ತಿದ್ದುಪಡಿ ಬಂದ ಮೇಲೆ ಸಾವಿರ. ಬಿ.ಕಾಂ. ಲೆಕ್ಕ ಏನೂ ಬೇಡ, ಐದು ಜನ ಅಂದ್ರೆ ಐದು ಸಾವಿರ.

ಆದ್ರೆ ನನಗೆ ದುಡ್ಡಿಗಿಂತ ಕಾಡೋದು ದೂರು ಕೊಡೋಕಾಗದವರ ವಿಷಯ. ಮೆಟ್ಟಿಲಲ್ಲಿ ಬಿದ್ದ ತುಂಡುಗಳನ್ನ ಗುಡಿಸೋರು ಹೌಸ್‌ಕೀಪಿಂಗ್‌ನ ಅಕ್ಕಂದಿರು. ಕಾಂಟ್ರಾಕ್ಟ್ ಕೆಲಸ, ಸೇದ್ತಾ ನಿಂತಿರೋದು ಟೀಮ್ ಲೀಡು. ಅವರು ಬಾಯಿ ಬಿಡ್ತಾರಾ? ಅದಕ್ಕೇ ಬೋರ್ಡ್‌ನಲ್ಲಿ ಹಾಕೋ ಹೆಸರು ಬಾಸ್‌ದಾಗ್ಲಿ, ಅವರ ಜೊತೆ ದಮ್ ಹೊಡೆಯೋರದ್ದಾಗ್ಲಿ ಬೇಡ. ಕನ್ನಡದಲ್ಲಿ ಬರೆಸಿ. ಅವರನ್ನೂ ಕೂರಿಸಿ, "ಅಕ್ಕ, ಹೊಗೆ ಕಂಡ್ರೆ ಇವರಿಗೆ ಹೇಳಿ, ನಿಮ್ಮ ಕೆಲಸಕ್ಕೇನೂ ಆಗಲ್ಲ" ಅಂತ ಬಾಯಿಬಿಟ್ಟು ಹೇಳಿ.

ಆ ಖಾಲಿ ರೂಮ್ ಬಗ್ಗೆ ಕೇಳಿದ್ರಲ್ಲ, ಅಲ್ಲಿ ಎರಡು ಬೆಂಚು, ಒಂದು ಟೇಬಲ್ ಹಾಕ್ಸಿ. ಎಷ್ಟೋ ಕಟ್ಟಡಗಳಲ್ಲಿ ಇವರು ಮಧ್ಯಾಹ್ನ ಡಬ್ಬಿ ಬಿಚ್ಚೋದೂ ಅದೇ ಮೆಟ್ಟಿಲ ಮೇಲೆ.