ಪಾಲಾರ್‌ನಿಂದ ಮೈಸೂರು ಜೈಲಿಗೆ: ಟಾಡಾ ಕೈದಿಗಳ ಕಥೆ

1987ರ ಟಾಡಾ ಕಾಯ್ದೆಯ ಲೆಕ್ಕದಲ್ಲಿ, ಸರ್ಕಾರವನ್ನು ಬೆದರಿಸಲು ಇಲ್ಲವೇ ಜನರಲ್ಲಿ ಭೀತಿ ಹುಟ್ಟಿಸಲು ಬಾಂಬು, ಬಂದೂಕು ಬಳಸಿದವನು ಭಯೋತ್ಪಾದಕ. ಖಾಕಿ ತೊಟ್ಟವನಿಗೆ ಈ ಮಾತು ಅನ್ವಯಿಸದು ಎಂದು ಅದು ಹೇಳಿರಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ. ಕೇಸು ಹಾಕುವವರು ಪೊಲೀಸರೇ. ಎಸ್‌ಪಿ ದರ್ಜೆಯ ಅಧಿಕಾರಿ ಬರೆದುಕೊಂಡ ತಪ್ಪೊಪ್ಪಿಗೆಯೂ ಕೋರ್ಟಿನಲ್ಲಿ ಸಾಕ್ಷ್ಯವಾಗುತ್ತಿತ್ತು.

1993ರ ಏಪ್ರಿಲ್ 9ರಂದು ಮಲೆ ಮಹದೇಶ್ವರ ಬೆಟ್ಟದ ಬಳಿಯ ಪಾಲಾರ್‌ನಲ್ಲಿ ಕಾಡುಗಳ್ಳ ವೀರಪ್ಪನ್ ತಂಡ ಹೂತಿಟ್ಟ ನೆಲಬಾಂಬಿಗೆ 22 ಮಂದಿ ಬಲಿಯಾದರು. ಟಾಡಾ ಹೇಳುವ ಭಯೋತ್ಪಾದನೆ ಇದೇ, ಅನುಮಾನವಿಲ್ಲ. ಆದರೆ ಆಮೇಲೆ ಬಲೆ ಬೀಸಿದ್ದು ಕಾಡಂಚಿನ ಹಳ್ಳಿಗಳ ಮೇಲೆ. ಹೆಂಗಸರೂ ಸೇರಿದಂತೆ ನೂರಾರು ಜನರನ್ನು ಕರ್ನಾಟಕ, ತಮಿಳುನಾಡು ಎರಡೂ ರಾಜ್ಯಗಳ ಪೊಲೀಸ್ ಕಾರ್ಯಪಡೆ ಹಿಡಿದೊಯ್ದಿತು. ಬೆಟ್ಟದಲ್ಲಿ ಅವರನ್ನು ಕೂಡಿಹಾಕುತ್ತಿದ್ದ ಜಾಗಕ್ಕೆ ‘ವರ್ಕ್‌ಶಾಪ್’ ಎಂಬ ಹೆಸರು ಬಿದ್ದಿತ್ತು. ಕಿವಿಗೆ ಕ್ಲಿಪ್ ಹಾಕಿ ಕರೆಂಟ್ ಹರಿಸಿದರೆಂದು ಅಲ್ಲಿಂದ ಬಂದವರು ನಂತರ ಸಾಕ್ಷಿ ನುಡಿದರು. 1995ರ ಮೇ ತಿಂಗಳಲ್ಲಿ ಟಾಡಾದ ಅವಧಿ ಮುಗಿಯಿತು. ಅದರಡಿ ಮೈಸೂರು ಜೈಲು ಸೇರಿದ್ದವರ ಅವಧಿ ಮುಗಿಯಲಿಲ್ಲ.

ನಾಡಿನ ಬಹುಪಾಲು ಜನ ಈ ಕೈದಿಗಳ ಸುದ್ದಿ ಕೇಳಿದ್ದು 2000ದ ಜುಲೈ 30ರಂದು ವೀರಪ್ಪನ್‌ನಿಂದ ನಟ ರಾಜ್‌ಕುಮಾರ್ ಅಪಹರಣವಾದ ಮೇಲೆ. ಇವರನ್ನು ಬಿಡಬೇಕೆಂಬುದು ಅವನ ಬೇಡಿಕೆಗಳಲ್ಲೊಂದು. ಸರ್ಕಾರ ಒಪ್ಪಿತು. ವೀರಪ್ಪನ್‌ನಿಂದ ಹತರಾದ ಎಸ್‌ಐ ಶಕೀಲ್ ಅಹಮದ್ ಅವರ ತಂದೆ ಅಬ್ದುಲ್ ಕರೀಂ ಸುಪ್ರೀಂ ಕೋರ್ಟಿಗೆ ಹೋಗಿ ಅದನ್ನು ತಡೆದರು. ಮಗನನ್ನು ಕಳೆದುಕೊಂಡವರ ಹಟವದು, ನ್ಯಾಯವಾದದ್ದೇ. ಮರುವರ್ಷ ಮೈಸೂರಿನ ಟಾಡಾ ನ್ಯಾಯಾಲಯವೇ ನೂರಕ್ಕೂ ಹೆಚ್ಚು ಮಂದಿಯನ್ನು ನಿರ್ದೋಷಿಗಳೆಂದಿತು. ಅಷ್ಟರಲ್ಲಿ ಎಂಟು ವರ್ಷ ಕಳೆದಿತ್ತು.

ಕಾರ್ಯಪಡೆಯ ಮೇಲಿನ ದೂರುಗಳನ್ನು ಕೇಳಲು ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 1999ರಲ್ಲಿ ನ್ಯಾಯಮೂರ್ತಿ ಎ.ಜೆ. ಸದಾಶಿವ ಮತ್ತು ಸಿಬಿಐ ಮಾಜಿ ನಿರ್ದೇಶಕ ಸಿ.ವಿ. ನರಸಿಂಹನ್ ಅವರ ಸಮಿತಿ ನೇಮಿಸಿತ್ತು. 2003ರ ಅದರ ವರದಿ ಅಕ್ರಮ ಬಂಧನ, ಚಿತ್ರಹಿಂಸೆ, ಅನುಮಾನಾಸ್ಪದ ಎನ್‌ಕೌಂಟರ್‌ಗಳನ್ನು ಗುರುತಿಸಿತು.

ಖಾಕಿ ಹುಟ್ಟಿಸಿದ ಭೀತಿ ಇಷ್ಟೇ ಅಲ್ಲ. ನೆರೆಯ ಧರ್ಮಪುರಿ ಜಿಲ್ಲೆಯ ವಾಚಾತಿಯಲ್ಲಿ 1992ರ ಜೂನ್ 20ರಂದು ಗಂಧದ ಮರ ಹುಡುಕುವ ನೆಪದಲ್ಲಿ ಅರಣ್ಯ, ಪೊಲೀಸ್, ಕಂದಾಯ ಸಿಬ್ಬಂದಿ ಇಡೀ ಊರನ್ನೇ ಹಾಳುಗೆಡವಿದ್ದರು. 2011ರಲ್ಲಿ 269 ಆರೋಪಿಗಳೂ ತಪ್ಪಿತಸ್ಥರೆಂದು ಸಾಬೀತಾಯಿತು. ಘಟನೆ ನಡೆದಾಗ ಟಾಡಾ ಜಾರಿಯಲ್ಲಿತ್ತು. ಅವರ ಮೇಲೆ ಹಾಕಿದ್ದು ಬೇರೆ ಕಲಮುಗಳನ್ನು.

2004ರ ಅಕ್ಟೋಬರ್ 18ರಂದು ವೀರಪ್ಪನ್ ಹತನಾದ. ತಮಿಳುನಾಡು ಸರ್ಕಾರ ತನ್ನ ಕಾರ್ಯಪಡೆಯ ಪ್ರತಿಯೊಬ್ಬರಿಗೂ 3 ಲಕ್ಷ ರೂಪಾಯಿ, ನಿವೇಶನ, ಬಡ್ತಿ ಘೋಷಿಸಿತು. ಸಂತ್ರಸ್ತರಿಗೆ ಮಾನವ ಹಕ್ಕುಗಳ ಆಯೋಗ ಪರಿಹಾರ ಶಿಫಾರಸು ಮಾಡಿದ್ದು 2007ರ ಜನವರಿಯಲ್ಲಿ: 89 ಮಂದಿಗೆ ಒಟ್ಟು 2.80 ಕೋಟಿ, ತಲಾ ಸರಾಸರಿ 3 ಲಕ್ಷಕ್ಕೆ ತುಸು ಹೆಚ್ಚು. ನಿವೇಶನ ಇರಲಿಲ್ಲ.