ಮದ್ದೂರಿನ ಕಲ್ಲು, ಮಂಗಳನ ಕಲ್ಲು

1865ರ ಆಗಸ್ಟ್ 25ರಂದು ಬಿಹಾರದ ಶೇರ್ಘಾಟಿಯಲ್ಲಿ ಸುಮಾರು 5 ಕೆ.ಜಿ. ತೂಕದ ಕಲ್ಲೊಂದು ಆಕಾಶದಿಂದ ಬಿತ್ತು. ತಿಂಗಳು ತುಂಬುವ ಮೊದಲೇ, ಸೆಪ್ಟೆಂಬರ್ 21ರಂದು, ಮೈಸೂರು ಸೀಮೆಯ ಮದ್ದೂರಿನಲ್ಲೂ ಒಂದು ಉಲ್ಕಾಶಿಲೆ ಬಿತ್ತು. ಶೇರ್ಘಾಟಿಯದು ಮಂಗಳ ಗ್ರಹದ ಚೂರು ಎಂಬುದು ನೂರು ವರ್ಷ ಕಳೆದ ಮೇಲೆ ಗೊತ್ತಾಯಿತು. ಮದ್ದೂರಿನದು ಎಲ್5 ವರ್ಗದ ಸಾಮಾನ್ಯ ಕಾಂಡ್ರೈಟ್, ಅಂದರೆ ಅತಿ ಹೆಚ್ಚಾಗಿ ಬೀಳುವ ಬಗೆಯ ಉಲ್ಕಾಶಿಲೆ.

ಪೇಟೆಯಲ್ಲಿ ಈ ಎರಡು ಬಗೆಗಳ ನಡುವಿನ ಅಂತರ ದೊಡ್ಡದು. ನೈಜರ್ ದೇಶದ ಮರುಭೂಮಿಯಲ್ಲಿ ಸಿಕ್ಕ 24.67 ಕೆ.ಜಿ.ಯ ಮಂಗಳಶಿಲೆ 2025ರ ಜುಲೈನಲ್ಲಿ ನ್ಯೂಯಾರ್ಕಿನ ಸದಬೀಸ್ ಹರಾಜಿನಲ್ಲಿ ಶುಲ್ಕವೂ ಸೇರಿ ಸುಮಾರು 53 ಲಕ್ಷ ಡಾಲರಿಗೆ ಹೋಯಿತು. ಗ್ರಾಮಿಗೆ 200 ಡಾಲರಿಗೂ ಮೇಲಾಯಿತು. ಸಹಾರಾದಲ್ಲಿ ಹೆಕ್ಕಿದ ಮಾಮೂಲಿ ಕಾಂಡ್ರೈಟ್ ಗ್ರಾಮಿಗೆ ಒಂದೆರಡು ಡಾಲರಿಗೇ ಸಿಗುತ್ತದೆ.

ಇಂಥ ಶಿಲೆಗಳು ಮಂಗಳನವೆಂದು ಗುರುತು ಹಿಡಿದದ್ದು ಅಲ್ಲಿನ ಗಾಳಿಯಿಂದ. 1976ರಲ್ಲಿ ವೈಕಿಂಗ್ ನೌಕೆಗಳು ಅಲ್ಲಿನ ವಾತಾವರಣವನ್ನು ಅಳೆದಿದ್ದವು. ಅಂಟಾರ್ಕ್ಟಿಕಾದಲ್ಲಿ ಸಿಕ್ಕ, ಶೇರ್ಘಾಟಿಯ ಕಲ್ಲಿನ ಬಳಗಕ್ಕೇ ಸೇರಿದ ಒಂದು ಶಿಲೆಯ ಗಾಜಿನೊಳಗೆ ಸಿಕ್ಕಿಬಿದ್ದಿದ್ದ ಅನಿಲಗಳು ಆ ಅಳತೆಗೆ ಹೊಂದಿದವು. ಇಡೀ ಬಳಗಕ್ಕೆ ಶೆರ್ಗೊಟೈಟ್ ಎಂಬ ಹೆಸರು ಬಂದಿರುವುದು ಬಿಹಾರದ ಆ ಊರಿನಿಂದಲೇ.

ಕಣ್ಣೆದುರು ಬಿದ್ದ ಉಲ್ಕಾಶಿಲೆಗಳಲ್ಲಿ ಹತ್ತಕ್ಕೆ ಎಂಟು ಸಾಮಾನ್ಯ ಕಾಂಡ್ರೈಟ್‌ಗಳು. ಕಬ್ಬಿಣದ ಉಲ್ಕೆಗಳು ನೂರಕ್ಕೆ ಐದರಷ್ಟು. ಕಬ್ಬಿಣದೊಳಗೆ ಹಸಿರು ಹರಳು ಕೂತ ಸುಂದರ ಪ್ಯಾಲಸೈಟ್‌ಗಳು ಇನ್ನೂ ಕಡಿಮೆ. ಸಾಮಾನ್ಯ ಕಾಂಡ್ರೈಟ್‌ಗಳಲ್ಲೂ ಕಬ್ಬಿಣದ ಅಂಶ ನೋಡಿ ಎಚ್, ಎಲ್, ಎಲ್ಎಲ್ ಎಂದು ಮೂರು ಗುಂಪು ಮಾಡುತ್ತಾರೆ. ನಮ್ಮ ಸುತ್ತಮುತ್ತಲೇ ಮೂರೂ ಬಿದ್ದಿವೆ: 1866ರಲ್ಲಿ ಉಡುಪಿಯಲ್ಲಿ ಎಚ್, ಮದ್ದೂರಿನಲ್ಲಿ ಎಲ್, 2008ರ ಸೆಪ್ಟೆಂಬರ್ 12ರ ಬೆಳಿಗ್ಗೆ ಹೊಸೂರಿನಾಚೆಯ ಶೂಲಗಿರಿಯಲ್ಲಿ ಎಲ್ಎಲ್. ಶೂಲಗಿರಿಯಲ್ಲಿ ಸಿಕ್ಕ ತುಂಡುಗಳು ಸೇರಿ ಸುಮಾರು 110 ಕೆ.ಜಿ. ತೂಗಿದವು.

ಬೆಲೆ ಕಡಿಮೆಯೆಂದು ಸಾಮಾನ್ಯ ಕಾಂಡ್ರೈಟ್‌ಗಳನ್ನು ಕೀಳಾಗಿ ಕಾಣುವುದು ನನಗೆ ಒಪ್ಪಿಗೆಯಿಲ್ಲ. ಕಾಂಡ್ರೈಟನ್ನು ಕೊಯ್ದು ನೋಡಿ: ಬೂದು ಮೈಯಲ್ಲಿ ಮಿನುಗುವ ಲೋಹದ ಚುಕ್ಕೆಗಳು, ನಡುನಡುವೆ ಸಾಸಿವೆಯಷ್ಟು ದುಂಡನೆಯ ಕಾಂಡ್ರೂಲ್‌ಗಳು. ಗ್ರಹಗಳು ರೂಪುಗೊಳ್ಳುವುದಕ್ಕೂ ಮುಂಚೆ ಅಂತರಿಕ್ಷದಲ್ಲಿ ಕರಗಿ ಗಟ್ಟಿಯಾದ ಹನಿಗಳು ಇವು. ಕಾಂಡ್ರೈಟ್‌ಗಳ ವಯಸ್ಸು ಸುಮಾರು 456 ಕೋಟಿ ವರ್ಷ. ಬೆಂಗಳೂರಿನ ಜಯನಗರದವರು ಬೆಳಿಗ್ಗೆ ವಾಕಿಂಗ್‌ಗೆ ಹತ್ತುವ ಲಾಲ್‌ಬಾಗ್ ಬಂಡೆಗೆ ಸುಮಾರು 300 ಕೋಟಿ. ದುಬಾರಿ ಶೇರ್ಘಾಟಿ ಶಿಲೆಗೆ ಹೆಚ್ಚಿನವರು ಒಪ್ಪುವ ಲೆಕ್ಕ ಬರೀ 17 ಕೋಟಿಯ ಆಸುಪಾಸು. ಪೇಟೆ ಕೊಡುವುದು ವಿರಳತೆಗೆ ಬೆಲೆ, ವಯಸ್ಸಿಗಲ್ಲ.

ಭಾರತದಲ್ಲಿ ಬಿದ್ದ ಉಲ್ಕಾಶಿಲೆಗಳ ಪಾಲನೆಯ ಹೊಣೆ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯದು. ಅದರ ಕರ್ನಾಟಕ-ಗೋವಾ ಘಟಕ ಬನಶಂಕರಿಗೆ ಅಂಟಿಕೊಂಡಂತಿರುವ ಕುಮಾರಸ್ವಾಮಿ ಬಡಾವಣೆಯ ವಸುಧಾ ಭವನದಲ್ಲಿದೆ. ಸೈಟಿನಲ್ಲಿ ವಿಚಿತ್ರ ಕಲ್ಲು ಕಂಡರೆ ಮೊದಲು ತೂತುಗಳಿವೆಯೇ ನೋಡಿ. ಗಾಳಿಗುಳ್ಳೆಯ ತೂತು ತುಂಬಿದ್ದರೆ ಅದು ಬಹುತೇಕ ಕಬ್ಬಿಣದ ಕಿಟ್ಟ. ಹೊಸದಾಗಿ ಬಿದ್ದ ಉಲ್ಕಾಶಿಲೆಗೆ ಒಂದು ಮಿಲಿಮೀಟರಿನಷ್ಟು ತೆಳುವಾದ ಕಪ್ಪು ಸುಟ್ಟ ಪದರವಿರುತ್ತದೆ, ಗಾತ್ರಕ್ಕೆ ಮೀರಿದ ಭಾರವಿರುತ್ತದೆ, ಆಯಸ್ಕಾಂತ ಸಾಮಾನ್ಯವಾಗಿ ಅಂಟುತ್ತದೆ. ಬರೀ ಆಯಸ್ಕಾಂತವನ್ನು ನಂಬಬೇಡಿ, ಮ್ಯಾಗ್ನೆಟೈಟ್ ಅದಿರಿಗೂ ಅದು ಅಂಟುತ್ತದೆ. ತೊಳೆಯಬೇಡಿ, ಉಜ್ಜಬೇಡಿ. ಮಳೆಗೆ ಬಿಟ್ಟರೆ ಒಳಗಿನ ಲೋಹ ಬೇಗ ತುಕ್ಕು ಹಿಡಿಯುತ್ತದೆ.

ಬಿದ್ದ ಜಾಗ, ಬಿದ್ದ ಗಳಿಗೆ ಎರಡನ್ನೂ ಬರೆದಿಡಿ. ಜೆ.ಪಿ. ನಗರದ ಮನೆಯೊಂದರ, ಕನಕಪುರದ ಅಂಗಡಿಯೊಂದರ, ರಾಮನಗರದ ಪೆಟ್ರೋಲ್ ಬಂಕೊಂದರ ಸಿಸಿಟಿವಿಗಳಲ್ಲಿ ಒಂದೇ ಬೆಂಕಿಗೆರೆ ದಾಖಲಾಗಿದ್ದರೆ, ಆ ಕಲ್ಲು ಸೂರ್ಯನನ್ನು ಸುತ್ತುತ್ತಿದ್ದ ಹಾದಿಯನ್ನೇ ಲೆಕ್ಕ ಹಾಕಬಹುದು. ಅಷ್ಟು ವಿವರವಿರುವ ಸಾಮಾನ್ಯ ಕಾಂಡ್ರೈಟ್‌ಗಳು ಪ್ರಪಂಚದಲ್ಲೇ ತೀರಾ ಕಡಿಮೆ.