ಕ್ಷಯರೋಗವೂ ತಾಯಿಯ ಹಾಲೂ

ತಾಯಿಗೆ ಕ್ಷಯವೆಂದು ವೈದ್ಯರು ಹೇಳಿದೊಡನೆ ಅನೇಕ ಮನೆಗಳಲ್ಲಿ ಹಿರಿಯರು ಮೊದಲು ಮಾಡುವ ಕೆಲಸವೆಂದರೆ ಕೂಸಿಗೆ ಮೊಲೆ ಬಿಡಿಸುವುದು. ಹಾಲಿನೊಡನೆ ರೋಗವೂ ಔಷಧವೂ ಮಗುವಿನ ಮೈಸೇರುವುವೆಂಬ ಭಯವೇ ಇದಕ್ಕೆ ಕಾರಣ. ಈ ಭಯವು ಎಷ್ಟರಮಟ್ಟಿಗೆ ಸರಿಯೆಂಬುದನ್ನು ನಾವು ವಿಚಾರಮಾಡೋಣ.

1882ರಲ್ಲಿ ಜರ್ಮನಿಯ ರಾಬರ್ಟ್ ಕಾಖ್ ಎಂಬ ವೈದ್ಯನು ಕಂಡುಹಿಡಿದ ಕ್ಷಯಾಣುವು ರೋಗಿಯು ಕೆಮ್ಮಿದಾಗ ಗಾಳಿಯ ಮೂಲಕ ಹರಡತಕ್ಕದ್ದು. ಸ್ತನಕ್ಕೇ ಕ್ಷಯ ತಗಲುವ ವಿರಳ ಸಂದರ್ಭವನ್ನು ಬಿಟ್ಟರೆ ಅದು ಹಾಲಿನಲ್ಲಿ ಬರುವುದಿಲ್ಲ. ಐಸೋನಯಾಜಿಡ್, ರಿಫಾಂಪಿಸಿನ್ ಮೊದಲಾದ ಔಷಧಗಳು ಹಾಲಿಗೆ ಇಳಿಯುವುದು ಅತ್ಯಲ್ಪ. ಅಷ್ಟರಿಂದ ಕೂಸಿಗೆ ಕೇಡೂ ಇಲ್ಲ, ರಕ್ಷಣೆಯೂ ಇಲ್ಲ. ಆದುದರಿಂದ ಕೂಸನ್ನು ಪ್ರತ್ಯೇಕವಾಗಿ ಪರೀಕ್ಷೆಮಾಡಿಸಬೇಕು. ರೋಗವಿಲ್ಲವೆಂದು ಗೊತ್ತಾದರೆ ವೈದ್ಯರು ಅದಕ್ಕೂ ರೋಗ ಬಾರದಂತೆ ಔಷಧ ಕೊಡುವರು. ತಾಯಿಯು ಮೂಗುಬಾಯಿಗಳನ್ನು ಮುಚ್ಚಿಕೊಂಡು, ಗಾಳಿಬೆಳಕುಗಳಿರುವ ಕೋಣೆಯಲ್ಲಿ ಹಾಲುಣಿಸಬೇಕು. ರಿಫಾಂಪಿಸಿನ್ನಿನಿಂದ ಹಾಲು ತುಸು ಕಿತ್ತಳೆಬಣ್ಣಕ್ಕೆ ತಿರುಗಿದರೂ ಅಂಜಬೇಕಾದುದಿಲ್ಲ.

ಸಾಮಾನ್ಯ ಔಷಧಗಳಿಗೆ ಬಗ್ಗದ ಕ್ಷಯಕ್ಕೆ ಕೊಡುವ ಮದ್ದುಗಳು ಬೇರೆ. ಅಲ್ಲಿ ಹಾಲೂಡುವ ವಿಷಯವನ್ನು ವೈದ್ಯರೇ ನಿರ್ಣಯಿಸತಕ್ಕದ್ದು.

ಕೂಸಿಗೆ ಕೇಡಾದೀತೆಂದು ತಾಯಿಯು ನಡುವೆಯೇ ಔಷಧವನ್ನು ನಿಲ್ಲಿಸುವುದೇ ನಿಜವಾದ ಅಪಾಯ. ಹಾಲನ್ನು ಬಿಡಿಸಿ ಕೆಮ್ಮನ್ನು ಉಳಿಸಿದರೆ ಕೂಸನ್ನು ಕಾಪಾಡಿದಂತಾಗಲಿಲ್ಲ.